ಅಂಗಳದಲ್ಲಿ ನಿಂತವಳು

"ನೀ ನನ್ನ ಮಗಳಲ್ಲ!" ಕಾಶಿಂಬಿ ಗಂಜಿಯ ಬಟ್ಟಲನ್ನು ದೂಡಿದಳು. ಲಕ್ವಾ ಹೊಡೆದು, ಆಸ್ಪತ್ರೆಯಿಂದ ಮನೋಳಿಯ ಮನೆಗೆ ಮರಳಿದಾಗಿನಿಂದ ಅವಳದು ಇದೇ ಮಾತು. ಮಿದುಳಿನಲ್ಲಿ ಮುಖಕ್ಕೂ ಮಮತೆಗೂ ನಡುವಿನ ಎಳೆ ಕಡಿದಿದೆ, ದನಿಯ ಎಳೆ ಉಳಿದಿರಬಹುದು, ಫೋನಿನಲ್ಲಿ ಮಾತಾಡಿಸಿ ನೋಡಿ ಎಂದಿದ್ದರು ನರರೋಗದ ಡಾಕ್ಟರು.

ಹಿನಾಕೌಸರ ಅಂಗಳಕ್ಕೆ ಹೋಗಿ ತಾಯಿಯ ಮೊಬೈಲಿಗೆ ಕರೆ ಮಾಡಿದಳು. "ಅಮ್ಮಾ, ನಾ ಹಿನಾ."

"ಬೇಟಾ! ಎಲ್ಲಿ ಹೋಗಿದ್ದೆವ್ವಾ ಇಷ್ಟ ದಿನಾ?" ಹಳೆಯ ಅಕ್ಕರೆಯ ದನಿ ಕೇಳಿ ಹಿನಾಳ ಕಣ್ಣು ತುಂಬಿದವು.

"ಇಲ್ಲೇ ಅದೇನಿ ಅಮ್ಮಾ. ಈಗ ಒಳಗ ಬರತೇನಿ."

"ಬರಬ್ಯಾಡ!" ಕಾಶಿಂಬಿ ಪಿಸುಗುಟ್ಟಿದಳು. ಹಾಸಿಗೆಯ ಪಕ್ಕದ ಕಿಟಕಿಯಿಂದ ಅವಳ ನೋಟ ಮಗಳ ಮೇಲೇ ನೆಟ್ಟಿತ್ತು. "ನಿನ್ನ ಮಾರಿ ಹೊತ್ತಾಕಿ ಒಬ್ಬಾಕಿ ಅಂಗಳದಾಗ ನಿಂತಾಳ. ನೀ ಮಾತಾಡಿದಂಗ ಆಕಿ ತುಟಿ ಅಳ್ಳಾಡತಾವ."