ಕಾಲುವೆಯ ಚಪ್ಪಡಿ

ರುದ್ರಯ್ಯ ತನ್ನ ಮನೆ ಬಾಗಿಲಿಗೆ ಬರುತ್ತಾನೆಂದು ಪಾಲಾಕ್ಷ ಕನಸಿನಲ್ಲೂ ಎಣಿಸಿರಲಿಲ್ಲ. ಬಂದವನು ಕೂರಲಿಲ್ಲ, ಕೊಟ್ಟ ನೀರನ್ನೂ ಕುಡಿಯಲಿಲ್ಲ. ಸೀದಾ ಹಿತ್ತಲಿಗೆ ಹೋಗಿ, ಬಚ್ಚಲ ಪಕ್ಕದಲ್ಲಿ ಬಟ್ಟೆ ಒಗೆಯಲು ಹಾಕಿದ್ದ ಚಪ್ಪಡಿಯ ಮುಂದೆ ನಿಂತುಬಿಟ್ಟ.

"ಈ ಕಲ್ಲು ಕೊಡಪ್ಪ. ಸ್ಕೂಲ್ ಮುಂದೆ ನಿಲ್ಸಿ ನಿನ್ ಮಗನ ಎಸ್ರು ಕೆತ್ತಿಸ್ತೀವಿ. ಅವನ್ ಜೊತೇಲೇ ತೀರ್ಕಂಡ್ರಲ್ಲ, ಆ ಇಬ್ರು ಹುಡುಗ್ರ ಎಸ್ರೂ ಇರ್ಲಿ."

ಪಾಲಾಕ್ಷನ ಮಗ ರಜನೀಶ ಸೈನ್ಯದ ಇಂಜಿನಿಯರ್ ದಳದಲ್ಲಿದ್ದ. ಕಾರ್ಗಿಲ್ ಯುದ್ಧದಲ್ಲಿ ಮುರಿದ ಸೇತುವೆಯೊಂದನ್ನು ಸರಿಮಾಡುತ್ತಿದ್ದಾಗ ಶೆಲ್ ಬಿದ್ದು, ಜೊತೆಗಾರರೊಂದಿಗೆ ಸತ್ತು ವರ್ಷವಾಗಿತ್ತು. ಊರಿನವರು ಸ್ಮಾರಕ ಮಾಡಲು ಓಡಾಡುತ್ತಿರುವುದು ಪಾಲಾಕ್ಷನಿಗೂ ಗೊತ್ತಿತ್ತು.

"ಬಾಗೂರಿಂದ ಬೇರೆ ಕಲ್ಲು ತರ್ಸಿಕೊಡ್ತೀನಿ. ಇದು ಬ್ಯಾಡ," ಎಂದ.

"ಬೇರೆ ಯಾಕೆ? ನಮಗೋಸ್ಕರ ಅವನೇ ತಂದಾಕಿದ್ ಕಲ್ಲು ಇದು. ನಮ್ಮನೆ ಹೆಂಗಸ್ರು ಇವತ್ಗೂ ನೆನೀತಾರೆ."

ಹೌದು, ಒಮ್ಮೆ ರಜೆಗೆ ಬಂದಾಗ ಎತ್ತಿನ ಗಾಡಿಯಲ್ಲಿ ಈ ಚಪ್ಪಡಿ ತಂದು ತೋಟದಂಚಿನ ಕಾಲುವೆಗೆ ಅಡ್ಡ ಹಾಕಿದವನು ಅವನೇ. ಆಚೆ ದಡದ ರುದ್ರಯ್ಯನ ಮನೆಯವರಿಗೆ ತೂಬಿನವರೆಗೆ ಸುತ್ತಿ ಬರುವುದು ತಪ್ಪಿತ್ತು. ಬದುವಿನ ಜಗಳದಲ್ಲಿ ರುದ್ರಯ್ಯನ ಮುಖ ಕಂಡರಾಗದ ಪಾಲಾಕ್ಷನಿಗೆ ಮೈಯೆಲ್ಲ ಉರಿದುಹೋಗಿತ್ತು. ಮಗ ರೈಲು ಹತ್ತಿದ್ದೇ ತಡ, ಕಲ್ಲನ್ನು ಕೀಳಿಸಿ ಹಿತ್ತಲಿಗೆ ತಂದು ಹಾಕಿಸಿದ್ದ. ಮುಂದಿನ ರಜೆಗೆ ಬಂದ ಮಗ ಬಚ್ಚಲಲ್ಲಿ ಕಾಲು ತೊಳೆಯುತ್ತಾ, "ಅಪ್ಪಾಜಿ, ಕಲ್ಲು ಇಲ್ಲೈತಾ?" ಎಂದಷ್ಟೇ ಕೇಳಿದ್ದ.

"ನನ್ ತ್ವಾಟ, ನನ್ನಿಷ್ಟ ಕಣ್ಲಾ!" ಎಂದು ಇವನು ಗುಡುಗಿದ್ದ. ಅದೇ ಮಗನ ಕೊನೆಯ ರಜೆ. ಆ ಒಂದು ಮಾತನ್ನು ನುಂಗಿಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ಪಾಲಾಕ್ಷ ಈಗ ದಿನಾ ತನ್ನನ್ನೇ ಬೈದುಕೊಳ್ಳುತ್ತಾನೆ.

ಹೆಂಡತಿ ಸುವರ್ಣಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಸುದ್ದಿ ಬಂದ ದಿನದಿಂದ ಅವಳು ಆ ಕಲ್ಲಿನ ಮೇಲೆ ಒಂದು ಬಟ್ಟೆಯನ್ನೂ ಒಗೆದಿರಲಿಲ್ಲ.

"ಕೊಟ್ಬುಡಿ. ಇದ್ನ ನೋಡ್ಕಂಡು ಬದುಕಾಕಾಗಲ್ಲ ನನ್ ಕೈಲಿ," ಎಂದಳು.

ಪಾಲಾಕ್ಷ ಟವೆಲಿನಿಂದ ಮುಖ ಒರೆಸಿಕೊಂಡ. ಎಷ್ಟು ಒರೆಸಿದರೂ ಮುಗಿಯಲಿಲ್ಲ.

"ತಗಂಡೋಗು. ಮೂವರ ಎಸ್ರೂ ಕೆತ್ಸು. ಆದ್ರೆ ಸ್ಕೂಲ್ ಮುಂದೆ ಬ್ಯಾಡ. ಕಾಲ್ವೆ ಮ್ಯಾಲೇ ಆಕು, ಮದ್ಲಿದ್ದ ಜಾಗ್ದಲ್ಲೇ."

ರುದ್ರಯ್ಯ ಗಾಬರಿಯಾದ. "ಏನ್ ಮಾತು ಅಂತ ಆಡ್ತೀಯ! ಸತ್ತೋರ್ ಎಸ್ರಿನ ಮ್ಯಾಲೆ ಜನ ಕಾಲಿಕ್ಕಂಡು ಓಡಾಡ್ತಾರಲ್ಲಪ್ಪ!"

"ಓಡಾಡ್ಲಿ ಬುಡು ರುದ್ರಣ್ಣ. ಅವ್ನು ಆಕಿದ್ದೇ ಅದಕ್ಕೆ," ಎಂದ ಪಾಲಾಕ್ಷ. "ಬ್ಯಾಡ ಅಂದೋನು ನಾನೊಬ್ನೇ."