ಒಂದು ಲೋಟ ನೀರು

ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ಕಮಲಾಕ್ಷಮ್ಮನವರಿಗೆ ಮಾತೇನೋ ಉಳಿದಿತ್ತು, ಆದರೆ ಆಡುವಂತಿರಲಿಲ್ಲ. ಅವರನ್ನು ನೋಡಿಕೊಳ್ಳಲು ಇಟ್ಟಿದ್ದ ಜಯಶೀಲ ಸದಾ ಕೋಣೆಯಲ್ಲೇ ಇರುತ್ತಿದ್ದಳು. ನೆಂಟರು ಏನು ಕೇಳಿದರೂ ಉತ್ತರ ಅವಳದೇ.

ಆ ಭಾನುವಾರ ಮಗಳು ಸುಮಿತ್ರ ಬಂದು ಕೂತಾಗ ಜಯಶೀಲ ಒಗೆದ ಬಟ್ಟೆ ಹರವಲು ತಾರಸಿಗೆ ಹೋದಳು. ಕಮಲಾಕ್ಷಮ್ಮ ಸ್ವಾಧೀನವಿದ್ದ ಒಂದೇ ಕೈಯಿಂದ ಮಗಳ ಸೆರಗು ಹಿಡಿದೆಳೆದರು.

"ಸುಮಿ, ಅವಳು ಬರೋದ್ರೊಳಗೆ ಹೇಳ್ಬಿಡ್ತೀನಿ ಕೇಳು."

"ಏನಮ್ಮಾ?"

"ನೀರು ಕೊಡಲ್ಲ ಕಣೇ. ಕುಡಿದ್ರೆ ಹಾಸಿಗೆ ಒದ್ದೆ ಮಾಡ್ಕೋತೀನಂತೆ. ಬೆಳಿಗ್ಗೆ ಒಂದು ಲೋಟ ಕೊಟ್ರೆ ಮುಗೀತು. ಗಂಟಲು ಒಣಗಿ ಅನ್ನ ಇಳಿಯಲ್ಲ. ಮತ್ತೆ ಕೇಳಿದ್ರೆ ಚಿವುಟ್ತಾಳೆ, ನೋಡಿಲ್ಲಿ."

ತೋಳು ನೀಲಿಗಟ್ಟಿತ್ತು. ಸುಮಿತ್ರ ಅದನ್ನು ಮೆಲ್ಲಗೆ ಸವರಿದಳು.

"ಬೇರೆ ಯಾರಿಗಾದ್ರೂ ಹೇಳಿದ್ದೀಯಾ?"

"ಯಾರಿಗೆ ಹೇಳಲಿ? ನೀನು ಒಬ್ಬಳೇ ಸಿಗೋದನ್ನೇ ಕಾಯ್ತಿದ್ದೆ."

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಕಮಲಾಕ್ಷಮ್ಮ ಗಪ್ಪನೆ ಬಾಯಿ ಮುಚ್ಚಿಕೊಂಡರು. ಆದರೂ ಎದೆಯ ಭಾರ ಇಳಿದಂತಾಗಿತ್ತು. ಇವತ್ತಿಗೆ ಇವಳ ಕಾಟ ತೀರಿತು ಅಂದುಕೊಂಡರು.

ಜಯಶೀಲ ಒಳಗೆ ಕಾಲಿಡುತ್ತಿದ್ದಂತೆ ಸುಮಿತ್ರ ಎದ್ದು ನಿಂತಳು. "ಏನೇ, ಇದೇನಾ ನೀನು ನೋಡ್ಕೊಳ್ಳೋ ರೀತಿ?"

ಜಯಶೀಲ ತಲೆ ತಗ್ಗಿಸಿದಳು. "ತಪ್ಪಾಯ್ತು ಅಕ್ಕಾ."

"ನೀರಿನ ವಿಷಯ ನಾನು ಹೇಳಿದ ಹಾಗೇ ಇರಲಿ. ಆದ್ರೆ ಇನ್ಮೇಲೆ ಯಾರೇ ನೋಡೋಕೆ ಬಂದ್ರೂ ಹೀಗೆ ಅಮ್ಮನ ಪಕ್ಕ ಬಿಟ್ಟು ಏಳಬೇಡ."