ಪರವಾಗಿಲ್ರಿ ಡಾಕ್ಟರ್...

ಗದಗಿನ ಹಲ್ಲಿನ ಡಾಕ್ಟರ್ ಚನ್ನವೀರ ಅವರಿಗೆ ತಮ್ಮ ಕೈಯ ಮೇಲೆ ಭಾರಿ ನಂಬಿಕೆ... ಮೂವತ್ತು ವರ್ಷದ ಸರ್ವಿಸ್, ಇರದೇ ಇರುತ್ತದೆಯೇ?

ರೂಟ್ ಕೆನಾಲ್ ಅಂದರೆ ಸೂಜಿಯಂಥ ತೆಳ್ಳನೆಯ ಫೈಲ್‌ನಿಂದ ಹಲ್ಲಿನ ಬೇರನ್ನು ಒಳಗಿನಿಂದ ಉಜ್ಜಿ ಕ್ಲೀನ್ ಮಾಡುವ ಕೆಲಸ. ಅದನ್ನವರು ಬೆರಳಲ್ಲೇ ಮಾಡುತ್ತಿದ್ದರು.

ಕ್ಲಿನಿಕ್ಕಿಗೆ ಹೊಸದಾಗಿ ಸೇರಿದ ಡಾ. ಸುಮಯ್ಯಾ, ಫೈಲ್ ತಿರುಗಿಸುವ ಮಷಿನ್ ತಂದಿಟ್ಟಾಗ ಚನ್ನವೀರ ನಕ್ಕುಬಿಟ್ಟರು. ರೂಟ್ ಕೆನಾಲ್ ಆದ ಮರುದಿನ ತಾವೇ ಎಲ್ಲರಿಗೂ ಫೋನ್ ಮಾಡಿ ಕೇಳುತ್ತಾರಂತೆ, ಇಷ್ಟು ವರ್ಷದಲ್ಲಿ ಒಬ್ಬ ಪೇಷಂಟೂ ನೋವು ಅಂದಿಲ್ಲವಂತೆ!

ನಿಜವೇ... ಕೇಸ್ ಪೇಪರ್ ತೆಗೆದರೆ ಎಲ್ಲದರಲ್ಲೂ ‘ನೋವಿಲ್ಲ’ ಎಂದೇ ಇತ್ತು.

ಒಂದು ಬೆಳಿಗ್ಗೆ ಬೆಟಗೇರಿಯಿಂದ ನೀಲವ್ವ ಬಂದಳು. ಸೀರೆ ನೇಯುವವಳು. ಹೋದ ವರ್ಷ ಬಲಗಡೆಯ ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು, ಈಗ ಎಡಗಡೆ.

ಎಕ್ಸ್‌ರೇ ನೋಡಿದರೆ ಉಳಿಸಬಹುದಾದ ಗಟ್ಟಿ ಹಲ್ಲು... ಆದರೆ ಆಕೆ ಕಿತ್ತುಹಾಕಿ ಎಂದು ಹಟ ಹಿಡಿದಳು.

“ಯಾಕ್ ಬೇ ಯವ್ವ? ಹೋದ ಸಲ ನೋವಿಲ್ಲ ಅಂದಿದ್ಯಲ್ಲ?”

“ನೋವಿಲ್ಲ ಅಂತ ಎಲ್ಲಿ ಅಂದೀನ್ರಿ? ಪರವಾಗಿಲ್ರಿ ಅಂದಿದ್ದೆ...”

ನಾಲ್ಕು ದಿನ ಬರೀ ಗಂಜಿ ಕುಡಿದಿದ್ದಳಂತೆ. ಮಗ್ಗದ ಮುಂದೆ ಕೂರಲೂ ಆಗಿರಲಿಲ್ಲವಂತೆ.

“ಅಷ್ಟು ಅಕ್ಕರತಿಲೆ ಮಾಡಿದ್ರಿ... ಹೇಳಿದ್ರ ನಿಮಗ ಬ್ಯಾಸರಾಗೂದಿಲ್ಲೇನ್ರಿ?”

ಡಾಕ್ಟರ್ ಕೈಯಲ್ಲಿದ್ದ ಎಕ್ಸ್‌ರೇ ಕೆಳಗಿಟ್ಟರು. ಮೂವತ್ತು ವರ್ಷದಲ್ಲಿ ಎಷ್ಟು ಜನ ಹಾಗೆ ಅಂದಿದ್ದರೋ... ಅದನ್ನೆಲ್ಲ ಇವರು ‘ನೋವಿಲ್ಲ’ ಎಂದು ಬರೆದುಕೊಂಡಿದ್ದರು. ಕಣ್ಣು ತುಂಬಿ ಬಂತು.

ಸುಮಯ್ಯಾಳನ್ನು ಕರೆದು, ಆ ಮಷಿನ್ ವಿಷಯ ಈಗ ವಿವರವಾಗಿ ಹೇಳು ಎಂದರು.

ಕೈಯಲ್ಲಿ ಉಜ್ಜುವಾಗ ಒಳಗಿನ ಪುಡಿ ಕೊಂಚ ಬೇರಿನ ತುದಿ ದಾಟಿ ಆಚೆ ಹೋಗಬಹುದು, ಆಮೇಲೆ ನೋವು ಬರುವುದು ಹೆಚ್ಚಾಗಿ ಅದರಿಂದಲೇ... ತಿರುಗುವ ಫೈಲ್ ಪುಡಿಯನ್ನು ಮೇಲಕ್ಕೆ ಎಳೆದು ತರುತ್ತದೆ ಎಂದಳು ಆಕೆ.

ಡಾಕ್ಟರ್ ನೀಲವ್ವನಿಗೆ ಸುಳ್ಳು ಭರವಸೆ ಕೊಡಲಿಲ್ಲ. ನೋವೇ ಇರುವುದಿಲ್ಲ ಅನ್ನಲಾರೆ, ಕಡಿಮೆಯಾಗುವ ಸಾಧ್ಯತೆ ಹೆಚ್ಚು, ಒಂದು ಸಲ ನಂಬು ಎಂದರು. ಆಕೆ ಒಪ್ಪಿದಳು.

ಅಂದು ಸುಮಯ್ಯಾ ಮಷಿನ್ ಹಿಡಿದಳು... ಮೂವತ್ತು ವರ್ಷದ ಸೀನಿಯರ್ ಡಾಕ್ಟರ್ ಪಕ್ಕದಲ್ಲಿ ನಿಂತು ಎಂಜಲು ಎಳೆಯುವ ಪೈಪ್ ಹಿಡಿದರು!

ಎರಡು ದಿನ ಬಿಟ್ಟು ಡಾಕ್ಟರ್ ಎದೆ ಗಟ್ಟಿ ಮಾಡಿಕೊಂಡು ನೀಲವ್ವನಿಗೆ ಫೋನ್ ಮಾಡಿದರು.

“ರೊಟ್ಟಿ ತಿನ್ನಾಕತ್ತೀನ್ರಿ... ಆಮ್ಯಾಲೆ ಮಾಡ್ರಿ.”

ಫೋನ್ ಕಟ್ಟಾಯಿತು. ಡಾಕ್ಟರ್ ಕಣ್ಣೊರೆಸಿಕೊಳ್ಳುತ್ತ ಜೋರಾಗಿ ನಕ್ಕರು.

ಎದುರಿನವರ ಮರ್ಯಾದೆಯನ್ನು ನಮ್ಮ ಕೆಲಸಕ್ಕೆ ಸಿಕ್ಕ ಸರ್ಟಿಫಿಕೇಟ್ ಅಂದುಕೊಳ್ಳಬಾರದು.

ಇವತ್ತು ನಿಮಗೆ ‘ಪರವಾಗಿಲ್ಲ’ ಅಂದವರು ಯಾರು... ಅವರನ್ನು ಇನ್ನೊಂದು ಸಲ ಕೇಳಿ ನೋಡಿದಿರಾ?